ಗುಬ್ಬಿಯ ಐದು ಗೆಲುವು ಮತ್ತು ಹೇಮಾವತಿ ನಾಲೆ



ತುಮಕೂರಿನಿಂದ ಬಿ.ಎಚ್. ರಸ್ತೆ ಹಿಡಿದು ಸುಮಾರು 20 ಕಿಲೋಮೀಟರ್ ಹೋದರೆ ಗುಬ್ಬಿ ಸಿಗುತ್ತದೆ. ಹೊರಗಿನವರಿಗೆ ಇದು ನಾಟಕರತ್ನ ವೀರಣ್ಣನವರ ಊರು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಈ ಹೆಸರನ್ನು ನಾಡಿನಾಚೆಗೂ ಕೊಂಡೊಯ್ದಿತು. ಊರಿನವರು ಮಾತಿಗೆ ಕುಳಿತರೆ ಮಾತ್ರ ತೆಂಗು, ಅಡಿಕೆ, ಕೊಳವೆಬಾವಿ, ನಾಲೆ, ಕೊನೆಗೆ ರಾಜಕೀಯ. ಆ ರಾಜಕೀಯದಲ್ಲಿ ಎರಡು ದಶಕಗಳಿಂದ ಕದಲದೆ ನಿಂತಿರುವ ಹೆಸರು ಎಸ್.ಆರ್. ಶ್ರೀನಿವಾಸ್. ಜನರ ಬಾಯಲ್ಲಿ ಗುಬ್ಬಿ ವಾಸು. ಅವರ ಶಾಸಕ ಜೀವನದ ಇತಿಹಾಸವೇ ಇವತ್ತಿನ ನನ್ನ ವಿಷಯ.

2004ರಿಂದ ಶುರು ಮಾಡಬೇಕು. ಆ ವರ್ಷ ವಿಧಾನಸಭೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ. ಅದೇ ಚುನಾವಣೆಯಲ್ಲಿ ಗುಬ್ಬಿಯ ಮತದಾರರು ಈ ಮೂರೂ ಪಕ್ಷಗಳನ್ನು ಬದಿಗಿಟ್ಟು ಪಕ್ಷೇತರನಾಗಿ ನಿಂತಿದ್ದ ಶ್ರೀನಿವಾಸ್ ಅವರನ್ನು ಗೆಲ್ಲಿಸಿದರು. ಪಕ್ಷದ ಚಿಹ್ನೆಯಿಲ್ಲದೆ ಗೆಲ್ಲುವುದು ಸುಲಭವಲ್ಲ. ಪಕ್ಷದ ಅಭ್ಯರ್ಥಿಗಾದರೆ ಬೂತಿನ ಮಟ್ಟದವರೆಗೆ ಕಾರ್ಯಕರ್ತರು ಸಿದ್ಧರಿರುತ್ತಾರೆ. ಪಕ್ಷೇತರನಿಗೆ ಮನೆಮನೆಯ ಪರಿಚಯವೇ ಬಂಡವಾಳ. ಮುಂದಿನ ಇಪ್ಪತ್ತು ವರ್ಷಗಳ ಅವರ ರಾಜಕಾರಣದ ಗುಟ್ಟು ಈ ಮೊದಲ ಗೆಲುವಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕ್ಷೇತ್ರ ಅವರಿಗೆ ಪಕ್ಷದಿಂದ ಬಂದದ್ದಲ್ಲ.

ಆಮೇಲೆ ಅವರು ಜೆಡಿಎಸ್ ಸೇರಿದರು. 2008, 2013, 2018 ಹೀಗೆ ಮೂರು ಬಾರಿ ಆ ಪಕ್ಷದಿಂದಲೇ ಗೆದ್ದರು. ಈ ಅವಧಿಯಲ್ಲಿ ಅಕ್ಕಪಕ್ಕದ ಕ್ಷೇತ್ರಗಳು ಹೇಗಿದ್ದವು ನೋಡಿ. ತುಮಕೂರು ನಗರದಲ್ಲಿ 1994ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಬಿಜೆಪಿಯ ಸೊಗಡು ಶಿವಣ್ಣ 2013ರಲ್ಲಿ ಕಾಂಗ್ರೆಸ್ಸಿನ ರಫೀಕ್ ಅಹ್ಮದ್ ಎದುರು ಸೋತರು. 2018ರಲ್ಲಿ ನಗರ ಮತ್ತೆ ಬಿಜೆಪಿಯ ಜ್ಯೋತಿ ಗಣೇಶ್ ಅವರ ಪಾಲಾಯಿತು. ಕುಣಿಗಲ್‌ನಲ್ಲಿ 2008ರಲ್ಲಿ ಕಾಂಗ್ರೆಸ್ಸಿನ ಬಿ.ಬಿ. ರಾಮಸ್ವಾಮಿಗೌಡ, 2013ರಲ್ಲಿ ಜೆಡಿಎಸ್‌ನ ಡಿ. ನಾಗರಾಜಯ್ಯ, 2018ರಲ್ಲಿ ಕಾಂಗ್ರೆಸ್ಸಿನ ಡಾ. ರಂಗನಾಥ್. ಎರಡೂ ಕಡೆ ಗಾಳಿ ತಿರುಗಿದಂತೆ ಶಾಸಕರು ಬದಲಾದರು. ಗುಬ್ಬಿ ಮಾತ್ರ ಬದಲಾಗಲಿಲ್ಲ.

2018ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸಂಪುಟದಲ್ಲಿ ಶ್ರೀನಿವಾಸ್ ಸಣ್ಣ ಕೈಗಾರಿಕೆ ಸಚಿವರಾದರು. ಮರುವರ್ಷ ಅವರಿಗೆ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಖಾತೆ ಸಿಕ್ಕಿತು. ಶಾಲಾಶಿಕ್ಷಣದಂಥ ದೊಡ್ಡ ಇಲಾಖೆ ಕೈಗೆ ಬಂದು ಕೆಲವೇ ವಾರ ಕಳೆದಿತ್ತು, 2019ರ ಜುಲೈ 23ರಂದು ಸರ್ಕಾರವೇ ಉರುಳಿತು. ಸಚಿವರಾಗಿ ಅವರನ್ನು ಅಳೆಯುವುದಕ್ಕೆ ಆ ಅವಧಿ ಸಾಲದು.

ಪಕ್ಷದೊಳಗೆ ಬಿರುಕು ಬಿಟ್ಟದ್ದು ಆಮೇಲೆ. 2022ರ ಜೂನ್ 10ರ ರಾಜ್ಯಸಭಾ ಚುನಾವಣೆಯಲ್ಲಿ ಮತ ಹಾಕಿದ ವಿಚಾರವಾಗಿ ಅವರಿಗೂ ಜೆಡಿಎಸ್ ವರಿಷ್ಠರಿಗೂ ಬಹಿರಂಗ ಜಟಾಪಟಿಯಾಯಿತು. ಪಕ್ಷ ಅವರನ್ನು ಉಚ್ಚಾಟಿಸಿತು. 2023ರ ಮಾರ್ಚ್‌ನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು, ಮೇ ತಿಂಗಳಲ್ಲಿ ಗುಬ್ಬಿಯಿಂದ ಐದನೇ ಬಾರಿ ಗೆದ್ದರು. ಪಕ್ಷೇತರ, ಜೆಡಿಎಸ್, ಕಾಂಗ್ರೆಸ್: ಮೂರು ಗುರುತಿನ ಮೇಲೆ ಒಂದೇ ಕ್ಷೇತ್ರದಿಂದ ಐದು ಗೆಲುವು. ಪಕ್ಷಾಂತರವನ್ನು ನಾನು ಮೆಚ್ಚುವವನಲ್ಲ. ಆದರೂ ಪ್ರತಿ ಸಲವೂ ಮತದಾರರ ಮುಂದೆ ನಿಂತು ಒಪ್ಪಿಗೆ ಪಡೆದವರನ್ನು, ಗೆದ್ದ ಮೇಲೆ ರೆಸಾರ್ಟಿಗೆ ಹೋಗಿ ಬಣ ಬದಲಿಸಿದವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾರೆ.

2024ರ ಜನವರಿಯಲ್ಲಿ ಅವರು ಕೆಎಸ್‌ಆರ್‌ಟಿಸಿ ಅಧ್ಯಕ್ಷರಾದರು. ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದೇ ಶುರುವಾಗಿತ್ತು. ಬಸ್ಸುಗಳು ತುಂಬಿ ತುಳುಕುತ್ತಿದ್ದವು, ನಿಗಮದ ಲೆಕ್ಕದಲ್ಲಿ ಮಾತ್ರ ನಷ್ಟ. ದರ ಏರಿಸದೆ ವಿಧಿಯಿಲ್ಲ ಎಂದು ಅವರು 2024ರ ಜುಲೈನಲ್ಲಿ ಬಾಯಿಬಿಟ್ಟು ಹೇಳಿದರು. 2025ರ ಜನವರಿಯಲ್ಲಿ ಸರ್ಕಾರ ದರವನ್ನು ಶೇ. 15ರಷ್ಟು ಏರಿಸಿತು. ಜನಕ್ಕೆ ಹಿಡಿಸದ ಮಾತನ್ನು ಆಳುವ ಪಕ್ಷದವರೊಬ್ಬರು ಆರು ತಿಂಗಳು ಮೊದಲೇ ಆಡಿದ್ದು ನನಗೆ ಸರಿಯೆನಿಸಿತು.

ಇಷ್ಟಾದರೂ ಗುಬ್ಬಿಯ ಶಾಸಕನ ನಿಜವಾದ ಪರೀಕ್ಷೆ ನಡೆಯುವುದು ಬೆಂಗಳೂರಿನಲ್ಲಲ್ಲ, ನಾಲೆಯ ಏರಿಯ ಮೇಲೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯಲ್ಲಿ 37 ಟಿಎಂಸಿ ನೀರು ನಿಲ್ಲುತ್ತದೆ. ಬಾಗೂರು–ನವಿಲೆ ಸುರಂಗ ದಾಟಿ ಅದು ತುಮಕೂರು ಜಿಲ್ಲೆಗೆ ಬರುತ್ತದೆ. ಗುಬ್ಬಿಯ ಕೆರೆಗಳು ತುಂಬಬೇಕು, ತುಮಕೂರು ನಗರದ ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆ ತುಂಬಬೇಕು, ಆಮೇಲೆ ನಾಲೆಯ ಕೊನೆಗಿರುವ ಕುಣಿಗಲ್‌ಗೆ ನೀರು ಮುಟ್ಟಬೇಕು. ಜನಪದ ಹಾಡಿನಲ್ಲಿ ಹೊಗಳಿಸಿಕೊಂಡ ಕುಣಿಗಲ್ ಕೆರೆ ತನ್ನ ಪಾಲಿಗಾಗಿ ಕಾದದ್ದೇ ಹೆಚ್ಚು. ಮೇಲಿನವರು ತೂಬು ಎತ್ತಿದರೆ ಕೆಳಗಿನವರಿಗೆ ಬರೀ ಕೆಸರು.

ಈ ಕೊರತೆ ನೀಗಿಸಲೆಂದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ಗುಬ್ಬಿ ತಾಲ್ಲೂಕಿನಲ್ಲಿ, ನಾಲೆಯ 70ನೇ ಕಿಲೋಮೀಟರ್ ಬಳಿ ಕೊಳವೆ ಜೋಡಿಸಿ ನೀರನ್ನು ನೇರ ಕುಣಿಗಲ್ ಕಡೆಗೆ ಒಯ್ಯುವುದು ಅದರ ಉದ್ದೇಶ. 2018ರ ಮೈತ್ರಿ ಸರ್ಕಾರದ ಕಾಲದಲ್ಲಿ ರೂಪುಗೊಂಡು, ಬಿಜೆಪಿ ಸರ್ಕಾರ ಬಂದಾಗ ನಿಂತು, ಈಗಿನ ಸರ್ಕಾರದಲ್ಲಿ ಸುಮಾರು 1,000 ಕೋಟಿ ರೂಪಾಯಿಯ ಯೋಜನೆಯಾಗಿ ಮರಳಿತು. ನೀರು ಮಾಗಡಿಯತ್ತ ಹೋಗುತ್ತದೆ, ಗುಬ್ಬಿಗೂ ತುಮಕೂರಿಗೂ ಗುಕ್ಕು ನೀರೂ ಉಳಿಯುವುದಿಲ್ಲ ಎಂಬ ಆತಂಕದಲ್ಲಿ ರೈತರು, ಮಠಾಧೀಶರು ಬೀದಿಗಿಳಿದರು. 2024ರ ಜೂನ್‌ನಲ್ಲಿ ತುಮಕೂರು ಬಂದ್ ನಡೆಯಿತು. 2025ರ ಮೇ ಕೊನೆಗೆ ಗುಬ್ಬಿ ತಾಲ್ಲೂಕಿನ ಸಂಕಾಪುರದ ಬಳಿ ಜನ ಕಾಮಗಾರಿಯನ್ನೇ ತಡೆಯಲು ಮುಂದಾದರು. ನಮ್ಮ ಪಾಲಿನದೇ ನೀರು, ನಾವೇನು ದಾನ ಕೇಳುತ್ತಿದ್ದೇವೆಯೇ ಎಂಬುದು ಕುಣಿಗಲ್‌ನವರ ಮಾತು. ಎರಡೂ ಕಡೆಯ ನೋವು ನಿಜ.

ಗುಬ್ಬಿಯ ಶಾಸಕರೂ ಕುಣಿಗಲ್ ಶಾಸಕರೂ ಈಗ ಒಂದೇ ಪಕ್ಷದವರು. ಆದರೆ ಲೋಕಸಭೆಗೆ ಗುಬ್ಬಿ ತುಮಕೂರಿಗೆ ಸೇರಿದರೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತದೆ. ಜಲಸಂಪನ್ಮೂಲ ಖಾತೆ ಹೊತ್ತ ಡಿ.ಕೆ. ಶಿವಕುಮಾರ್ ಅವರ ರಾಜಕೀಯ ನೆಲೆಯೂ ಅದೇ ಭಾಗದಲ್ಲಿದೆ. ಪಕ್ಷದ ಹಂಗಿಲ್ಲದೆ ಮೊದಲು ಗೆದ್ದ ಶಾಸಕರಿಗೆ ಇದಕ್ಕಿಂತ ಬಿಗಿಯಾದ ಕಟ್ಟು ಇನ್ನೊಂದಿಲ್ಲ.

ನನ್ನ ಕೋರಿಕೆ ಇಷ್ಟೇ. ಯಾವ ತೂಬಿನಿಂದ ಯಾವ ದಿನ ಎಷ್ಟು ನೀರು ಹರಿಯಿತು ಎಂಬ ಲೆಕ್ಕವನ್ನು ನೀರಾವರಿ ಸಲಹಾ ಸಮಿತಿಯ ಪ್ರತಿ ಸಭೆಯಲ್ಲೂ ರೈತರ ಎದುರು ಓದಿ ಹೇಳಲಿ. ಗುಬ್ಬಿಯ ಲೆಕ್ಕ ಕುಣಿಗಲ್‌ನವರಿಗೂ, ಕುಣಿಗಲ್‌ನ ಲೆಕ್ಕ ಗುಬ್ಬಿಯವರಿಗೂ ಗೊತ್ತಾಗಲಿ. ಅದಕ್ಕೆ ಪಟ್ಟು ಹಿಡಿಯಬಲ್ಲ ಹಿರಿತನ ಐದು ಬಾರಿ ಗೆದ್ದವರಿಗೆ ಇದೆ.