ಮನೋರೋಗ ಮತ್ತು ಮನೆತನ



ಅಮೃತಾಪುರವಾಗಲಿ, ಬೆಂಗಳೂರಾಗಲಿ, ಮದುವೆಯ ಮಾತು ಬಂದಾಗ ಹಿರಿಯರು ಮನೆತನ ವಿಚಾರಿಸುತ್ತಾರೆ. “ಅವರ ಮನೆಯಲ್ಲಿ ಯಾರಿಗೋ ಬುದ್ಧಿಭ್ರಮಣೆಯಂತೆ” ಎಂಬ ಒಂದು ಮಾತಿಗೆ ಸಂಬಂಧ ಮುರಿದುಬೀಳಬಹುದು. ಆ ಭಯಕ್ಕೆ ಮನೆಯವರು ಕಾಯಿಲೆಯನ್ನು ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ. ಈ ಭಯಕ್ಕೆ ವಿಜ್ಞಾನ ಏನು ಹೇಳುತ್ತದೆ?

ಮನೋರೋಗಗಳಲ್ಲಿ ಅನುವಂಶೀಯತೆಯ ಪಾತ್ರವಿದೆ, ನಿಜ. ಆದರೆ ಒಂದು ರೋಗಕ್ಕೆ ಒಂದು ವಂಶವಾಹಿ ಎಂಬ ಲೆಕ್ಕ ಇಲ್ಲಿ ನಡೆಯದು. ಅನೇಕ ವಂಶವಾಹಿಗಳ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಎಂಟು ಮನೋರೋಗಗಳನ್ನು ಹೋಲಿಸಿ ನೋಡಿತು. ಒಂದಕ್ಕಿಂತ ಹೆಚ್ಚು ರೋಗಗಳಿಗೆ ಸಂಬಂಧಿಸಿದ 109 ತಾಣಗಳು ನಮ್ಮ ವರ್ಣತಂತುಗಳಲ್ಲಿ ಪತ್ತೆಯಾದವು. ಆದ್ದರಿಂದಲೇ ಒಂದೇ ಮನೆಯಲ್ಲಿ ಚಿಕ್ಕಪ್ಪನಿಗೆ ಸ್ಕಿಜೋಫ್ರೀನಿಯಾ, ಅಣ್ಣನ ಮಗಳಿಗೆ ಉನ್ಮಾದ-ಖಿನ್ನತೆ ಕಾಣಿಸಿಕೊಳ್ಳಬಹುದು.

ಬೆಂಗಳೂರಿನ ನಿಮ್ಹಾನ್ಸ್ ಇತರ ಸಂಸ್ಥೆಗಳೊಡನೆ 2016ರಲ್ಲಿ ಆರಂಭಿಸಿದ ಸಂಶೋಧನೆ ಇಂಥ ಕುಟುಂಬಗಳನ್ನೇ ಆರಿಸಿಕೊಂಡಿತು. ಈ ಎರಡು ರೋಗಗಳ ಜೊತೆಗೆ ಗೀಳು ಕಾಯಿಲೆ, ವ್ಯಸನ ಮತ್ತು ಮರೆವಿನ ಕಾಯಿಲೆಗಳೂ ಅದರಲ್ಲಿವೆ. ಕಾಯಿಲೆ ಬಾರದ ಸಂಬಂಧಿಕರನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಏಕೆ? ಅದೇ ರಕ್ತಸಂಬಂಧವಿದ್ದೂ ಅವರು ಆರೋಗ್ಯವಾಗಿರುವುದು ಹೇಗೆಂದು ತಿಳಿಯಬೇಕಲ್ಲವೇ? ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಬಂದರೂ, ಎಷ್ಟೋ ಬಾರಿ ಇನ್ನೊಬ್ಬರಿಗೆ ಬರುವುದೇ ಇಲ್ಲ.

ಮಿತ್ರರೇ, ವಂಶವಾಹಿ ಹಣೆಬರಹವಲ್ಲ. ಅದು ಯಾವ ಮನೆತನದ ಕಳಂಕವೂ ಅಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತು ಬಿಟ್ಟು, ಮಂಕಾಗಿ ಕುಳಿತಿದ್ದರೆ ಮುಚ್ಚಿಡಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416 ಇದೆ. ಕನ್ನಡದಲ್ಲೇ ಮಾತನಾಡಬಹುದು.