ಗಾಜಿನ ಮೇಲಣ ರೆಪ್ಪೆ



ಮೋಟಾರು ಗಾಡಿಯ ಮುಂಗಾಜನ್ನು ಒರಸುವ ವೈಪರನ್ನು ಕುರಿತು ಕನ್ನಡ ಮೇಷ್ಟರೊಬ್ಬರು ಮಾತನಾಡುವುದೆಂದರೆ ನಿಮಗೆ ವಿನೋದವೆನಿಸಬಹುದು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಹಲವು ದಶಕ ಓಡಾಡಿದವನು. ಮಳೆಯ ರಾತ್ರಿಯಲ್ಲಿ ಗಾಡಿಯೊಳಗೆ ಕುಳಿತ ಐದಾರು ಜನರ ಕ್ಷೇಮವು ಮೊಳದುದ್ದದ ಒಂದು ರಬ್ಬರು ಪಟ್ಟಿಯನ್ನು ನೆಚ್ಚಿಕೊಂಡಿರುತ್ತದೆ ಎಂಬುದನ್ನು ಬಲ್ಲೆ. ಕಣ್ಣಿಗೆ ರೆಪ್ಪೆಯಿದ್ದಂತೆ ಮುಂಗಾಜಿಗೆ ಅದು.

ಈ ಉಪಕರಣಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅಮೆರಿಕದ ಅಲಬಾಮಾ ಸಂಸ್ಥಾನದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಪ್ರಯಾಣ ಮಾಡುವಾಗ, ಹಿಮ ಕವಿದ ಗಾಜಿನಿಂದ ಚಾಲಕನು ಪಡುತ್ತಿದ್ದ ಪಾಡನ್ನು ಕಂಡರು. ಒಳಗೆ ಕುಳಿತೇ ಕೈಯಿಂದ ಆಡಿಸಬಹುದಾದ ರಬ್ಬರಿನ ಒರಸುಗೋಲೊಂದನ್ನು ರೂಪಿಸಿದರು. 1903ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಕೊಳ್ಳುವ ಕಂಪನಿ ಮಾತ್ರ ದೊರೆಯಲಿಲ್ಲ. ಇಂದು ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವೈಪರಿಗೆಂದೇ ಒಂದು ನಿಯಮವಿದೆ. ವೈಪರು ಇರಬೇಕೆಂಬುದು ಕಾಯಿದೆಯ ಮಾತು. ಅದರ ರಬ್ಬರು ಮೆದುವಾಗಿ ಉಳಿದಿದೆಯೇ ಎಂದು ನೋಡಿಕೊಳ್ಳಬೇಕಾದವರು ನಾವು.

ನಮ್ಮ ಜಿಲ್ಲೆಯ ಹವೆ ಒಂದೇ ಬಗೆಯದಲ್ಲ. ಮೂಡಲ ಚನ್ನರಾಯಪಟ್ಟಣದಲ್ಲಿ ವರ್ಷದ ಮಳೆ ಸುಮಾರು 700 ಮಿಲಿಮೀಟರು. ಪಡುವಲ ಸಕಲೇಶಪುರದಲ್ಲಿ ಅದು 2000ವನ್ನು ಮೀರುತ್ತದೆ. ಇವೆರಡರ ನಡುವಣ ಹಾದಿ ಸುಮಾರು 80 ಕಿಲೋಮೀಟರು. ಹಿಂದೆ 48 ಎಂದೂ ಈಗ 75 ಎಂದೂ ಕರೆಯುವ ರಾಷ್ಟ್ರೀಯ ಹೆದ್ದಾರಿ ಇವೆರಡನ್ನೂ ಪೋಣಿಸುತ್ತದೆ. ಚನ್ನರಾಯಪಟ್ಟಣದ ಬಿಸಿಲು ಧೂಳಿನಲ್ಲಿ ಹೊರಟ ಗಾಡಿ ಎರಡು ಮೂರು ಗಂಟೆಯೊಳಗೆ ಶಿರಾಡಿ ಘಾಟಿಯ ಜಡಿಮಳೆಗೆ ಮೈಯೊಡ್ಡಬೇಕು.

ಆಷಾಢದ ಒಂದು ಸಂಜೆ ಬಾಡಿಗೆ ಕಾರಿನಲ್ಲಿ ನಾವು ಧರ್ಮಸ್ಥಳಕ್ಕೆ ಹೊರಟಿದ್ದೆವು. ದೋಣಿಗಲ್ ದಾಟಿದೊಡನೆ ಮಳೆ ಹಿಡಿಯಿತು. ವೈಪರು ಗರಗರನೆ ಕುಣಿಯಿತೇ ಹೊರತು ಒರಸಲಿಲ್ಲ. ಚಾಲಕನ ಕಣ್ಣಿಗೆ ನೇರವಾಗಿ ಅಂಗೈಯಗಲದ ಮಸಕು ಹಾಗೆಯೇ ನಿಂತಿತು. ಎದುರಿಗೆ ಬರುತ್ತಿದ್ದ ಲಾರಿಯ ದೀಪ ಆ ಮಸಕಿನಲ್ಲಿ ಒಡೆದು ಹತ್ತಾರು ದೀಪಗಳಾಯಿತು. ಆತ ವಿವೇಕಿ, ಗಾಡಿಯನ್ನು ಬದಿಗೆ ನಿಲ್ಲಿಸಿದ. "ಹೋದ ಮಳೆಗಾಲ ಮುಗಿಯೋ ಹೊತ್ಗೆ ಹಾಕ್ಸಿದ್ದು ಸಾರ್, ಆಮೇಲೆ ಬಳಸೇ ಇಲ್ಲ, ಹೊಸದೇ" ಎಂದ. ನಮ್ಮಲ್ಲಿ ಬಹುಮಂದಿಯ ಎಣಿಕೆಯೂ ಇದೇ. ಆದರೆ ವೈಪರಿನ ರಬ್ಬರು ಬಳಸದಿದ್ದರೂ ಮುಪ್ಪಾಗುತ್ತದೆ. ಅದರ ಆಯುಸ್ಸನ್ನು ಮಳೆಗಿಂತ ಹೆಚ್ಚಾಗಿ ತಿನ್ನುವುದು ನಮ್ಮ ಬೇಸಗೆ.

ಹೇಗೆಂದು ಹೇಳುತ್ತೇನೆ. ಗಾಜನ್ನು ಮುಟ್ಟುವುದು ರಬ್ಬರಿನ ತೆಳುವಾದ ಅಂಚು ಮಾತ್ರ. ಗೋಲು ಅತ್ತ ಹೋಗುವಾಗ ಆ ಅಂಚು ಇತ್ತ ಬಾಗಬೇಕು, ಇತ್ತ ಬರುವಾಗ ಅತ್ತ ಬಾಗಬೇಕು. ಬೇಸಗೆಯಲ್ಲಿ ಕಾದ ಗಾಜಿನ ಮೇಲೆ ತಿಂಗಳುಗಟ್ಟಲೆ ಒಂದೇ ಮಗ್ಗುಲಾಗಿ ಒತ್ತಿಕೊಂಡು ಬಿದ್ದಿದ್ದರೆ ಅಂಚು ಅದೇ ಬಾಗಿನಲ್ಲಿ ಸೆಡೆಯುತ್ತದೆ. ಬಿಸಿಲೂ ಗಾಳಿಯಲ್ಲಿನ ಓಜೋನೂ ಸೇರಿ ಅದನ್ನು ಗಡುಸು ಮಾಡಿ ಕೂದಲೆಳೆಯ ಬಿರುಕು ಮೂಡಿಸುತ್ತವೆ. ಹೊಳೆನರಸೀಪುರ, ಅರಕಲಗೂಡುಗಳ ಕಡೆಯ ಮಣ್ಣುದಾರಿಗಳ ಧೂಳು ಗಾಜಿನ ಮೇಲೆ ಕುಳಿತಿರುವಾಗ ನೀರು ಹಾಕದೆ ವೈಪರನ್ನು ಆಡಿಸಿದರೆ, ಮರಳಿನ ಕಣ ಅಂಚನ್ನೂ ಕೊರೆಯುತ್ತದೆ, ಗಾಜನ್ನೂ ಗೀರುತ್ತದೆ.

ಆದ್ದರಿಂದ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ರಬ್ಬರಿನ ಜಾತಿ. ಸಹಜ ರಬ್ಬರು ಚೆನ್ನಾಗಿ ಒರಸುತ್ತದೆ, ಅಗ್ಗ. ಬಿಸಿಲಿಗೆ ಬೇಗ ಸೋಲುತ್ತದೆ. ಸಿಲಿಕೋನು ಬಿಸಿಲನ್ನು ಬಹುಕಾಲ ತಾಳುತ್ತದೆ; ಬೆಲೆ ಹೆಚ್ಚು, ಗಾಜು ಕೊಳೆಯಾಗಿದ್ದರೆ ಅದೂ ಅದುರುತ್ತದೆ. ವರ್ಷವಿಡೀ ಬಯಲಿನಲ್ಲಿ ನಿಲ್ಲುವ ಗಾಡಿಗೆ ಸಿಲಿಕೋನಿಗೆ ಕೊಟ್ಟ ಹಣ ನಷ್ಟವಲ್ಲ. ನೆರಳಿನಲ್ಲಿ ನಿಲ್ಲುವ ಗಾಡಿಗೆ ಸಹಜ ರಬ್ಬರನ್ನೇ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಹಳೆಯ ಬಗೆಯ ಲೋಹದ ಚೌಕಟ್ಟು ಗಟ್ಟಿಯಾಗಿದ್ದರೆ, ಅದಕ್ಕೆ ಹೊಂದುವ ರಬ್ಬರು ಪಟ್ಟಿಯನ್ನಷ್ಟೇ ಹಾಕಿಸಬಹುದು.

ಎರಡನೆಯದಾಗಿ, ಪೊಟ್ಟಣದ ಮೇಲೆ ತಯಾರಾದ ತಿಂಗಳು, ವರ್ಷವನ್ನು ಓದಿ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಸರಕು ಕೊಳ್ಳುವ ಮೊದಲೇ ಮುಪ್ಪಾಗಿರುತ್ತದೆ. ಮೂರನೆಯದಾಗಿ ಅಳತೆ. ಚಾಲಕನ ಕಡೆಯ ಬ್ಲೇಡಿಗೂ ಎಡಗಡೆಯದಕ್ಕೂ ಅನೇಕ ಗಾಡಿಗಳಲ್ಲಿ ಅಂಗುಲಗಳ ವ್ಯತ್ಯಾಸವಿದೆ. ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುವ ಸ್ಪ್ರಿಂಗು ಸಡಿಲವಾಗಿದ್ದರೆ ಎಂಥ ದುಬಾರಿ ರಬ್ಬರೂ ವ್ಯರ್ಥ.

ಕೊಂಡ ಮೇಲೆ ಕೊಂಚ ಆರೈಕೆಯೂ ಬೇಕು. ಒದ್ದೆ ಬಟ್ಟೆಯಿಂದ ಅಂಚನ್ನು ವಾರಕ್ಕೊಮ್ಮೆ ಒರಸಿ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಸೋಕಿಸಬೇಡಿ, ಅವು ರಬ್ಬರನ್ನು ಉಬ್ಬಿಸುತ್ತವೆ. ನೀರು ಚಿಮುಕಿಸಿ ಆಡಿಸಿ ನೋಡಿದರೆ ಕಾಯಿಲೆ ತಾನೇ ತಿಳಿಯುತ್ತದೆ: ಎಳೆಯೆಳೆಯಾದ ಗೆರೆ ಉಳಿದರೆ ಅಂಚು ಹರಿದಿದೆ ಅಥವಾ ಕಸ ಕುಳಿತಿದೆ, ಕುಣಿದರೆ ಸೆಡೆತಿದೆ, ಒಂದೇ ಕಡೆ ನೀರು ಬಿಟ್ಟರೆ ಒತ್ತಡ ಸಾಲದು.

ಹೊಗೆಸೊಪ್ಪನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಗಾಜಿಗೆ ತಿಕ್ಕುವ ಉಪಾಯ ಚಾಲಕರಲ್ಲಿ ಹಿಂದಿನಿಂದಲೂ ಉಂಟು. ಅರಕಲಗೂಡಿನ ಸೀಮೆ ಹೊಗೆಸೊಪ್ಪು ಬೆಳೆಯುವ ಸೀಮೆ, ಹಾಸನ ಆಲೂಗಡ್ಡೆಗೆ ಹೆಸರಾದ ಊರು. ನಮಗೆ ಎರಡಕ್ಕೂ ಬರವಿಲ್ಲ. ಅದರಿಂದ ಹನಿ ಹನಿಯಾಗಿ ನಿಲ್ಲುವ ನೀರು ತೆಳುವಾಗಿ ಹರಡಿ ದಾರಿ ಸ್ವಲ್ಪ ಹೊತ್ತು ಕಾಣುತ್ತದೆ. ಊರು ಸೇರುವವರೆಗಿನ ಆಪದ್ಧರ್ಮ ಅದು. ನೆಚ್ಚಿ ಘಾಟಿ ಇಳಿಯುವಂಥದಲ್ಲ.

ನಮ್ಮ ರೈತರು ಮಳೆಯ ನಕ್ಷತ್ರ ನೋಡಿ ನೇಗಿಲನ್ನು ಸಜ್ಜು ಮಾಡುತ್ತಾರೆ. ಗಾಡಿಯವರೂ ಅದೇ ಪಂಚಾಂಗವನ್ನು ಹಿಡಿಯಲಿ. ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಗೆ ಮೊದಲು ವೈಪರನ್ನು ಪರೀಕ್ಷಿಸಲಿ. ಜೂನ್ ಮೊದಲ ವಾರದ ಮೃಗಶಿರೆಗೆ ಮುನ್ನ ಬೇಕಾದುದನ್ನು ಬದಲಿಸಲಿ. ಬಾಡಿಗೆ ಗಾಡಿ ಹತ್ತುವ ನಾವೂ ದರವನ್ನು ವಿಚಾರಿಸುವಾಗಲೇ ವೈಪರನ್ನೂ ವಿಚಾರಿಸೋಣ. ಎರಡು ಬ್ಲೇಡುಗಳ ಬೆಲೆ, ಒಂದು ಬಾರಿ ಘಾಟಿ ಇಳಿದು ಹತ್ತಲು ತಗಲುವ ಪೆಟ್ರೋಲಿನ ಬೆಲೆಗಿಂತ ಬಹಳ ಹೆಚ್ಚೇನಲ್ಲ.