ಹೊಸಿಲಿನಿಂದ ಶುರುವಾಗಲಿ ಊರಿನ ನಕ್ಷೆ



ಮುಂಗಾರು ಜೋರಾದ ವರ್ಷ ಹೊನ್ನಾಳಿಯ ಬಾಲರಾಜ್ ಘಾಟ್‌ನ ಜನ ಆಕಾಶ ನೋಡುವುದಕ್ಕಿಂತ ಹೆಚ್ಚಾಗಿ ಗಾಜನೂರಿನ ಸುದ್ದಿ ಕೇಳುತ್ತಾರೆ. ತುಂಗಾ ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟರು, ಲಕ್ಕವಳ್ಳಿಯಲ್ಲಿ ಭದ್ರೆ ತುಂಬಿತೇ ಎಂಬುದು ಅಲ್ಲಿ ಮನೆಮನೆಯ ಮಾತು. ಕೂಡಲಿಯಲ್ಲಿ ಎರಡೂ ನದಿ ಒಂದಾಗಿ ಹೊನ್ನಾಳಿ ಮುಟ್ಟುವ ಹೊತ್ತಿಗೆ ಪಾತ್ರೆಪಗಡ, ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ರೇಷನ್ ಕಾರ್ಡು ಎಲ್ಲವನ್ನೂ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಬೇಕು. ನೀರು ಇಳಿದ ಮೇಲೆ ಬಂದು ಅದೇ ಮನೆಯ ಕೆಸರು ಬಳಿಯಬೇಕು.

ಇದೇ ಹೊನ್ನಾಳಿಯಲ್ಲಿ ತುಂಗಭದ್ರೆಯ ಮಟ್ಟ ಅಳೆಯುವ ಕೇಂದ್ರ ಜಲ ಆಯೋಗದ ಕೇಂದ್ರವಿದೆ. ನದಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದಕ್ಕೆ ಅಲ್ಲಿ ಲೆಕ್ಕವಿದೆ. ಆ ಲೆಕ್ಕದ ಪಕ್ಕದಲ್ಲಿ ಘಾಟ್‌ನ ಒಂದೊಂದು ಮನೆಯ ಹೊಸಿಲಿನ ಎತ್ತರವನ್ನೂ ಬರೆದಿಟ್ಟರೆ ಏನಾಗುತ್ತದೆ, ಯೋಚಿಸಿ. ನದಿ ಯಾವ ಮಟ್ಟ ಮುಟ್ಟಿದರೆ ಯಾವ ಮನೆಗೆ ನೀರು ನುಗ್ಗುತ್ತದೆ ಎಂದು ಮೊದಲೇ ಹೇಳಬಹುದು. ಯಾವ ಮನೆಗೆ ಪಾಯ ಎತ್ತರಿಸಿದರೆ ಸಾಕು, ಯಾರಿಗೆ ಬೇರೆ ಜಾಗ ಕೊಡಲೇಬೇಕು, ಎಲ್ಲಿ ಇನ್ನು ಮುಂದೆ ಕಟ್ಟಲು ಅನುಮತಿ ಕೊಡಬಾರದು ಎಂಬುದು ನಕ್ಷೆಯಲ್ಲೇ ಕಾಣುತ್ತದೆ. ಒಂದು ಲೆವೆಲ್ ಯಂತ್ರ, ನಾಲ್ವರು ವಿದ್ಯಾರ್ಥಿಗಳು, ಕೆಲವು ದಿನಗಳ ಶ್ರಮ ಸಾಕು. ನನ್ನ ಇಂದಿನ ಆಶಯ ಇಷ್ಟೇ: ನಮ್ಮ ಸಣ್ಣ ಊರುಗಳ ಯೋಜನೆ ಹೊಸಿಲಿನ ಅಳತೆಯಿಂದ ಶುರುವಾಗಲಿ, ಆ ಅಳತೆಯ ಹೊಣೆಯನ್ನು ವಿಶ್ವವಿದ್ಯಾಲಯ ಹೊರಲಿ.

ಅಳತೆಯಿಂದ ಸರ್ಕಾರದ ಮನಸ್ಸು ಬದಲಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ನಾನು ಪ್ರೊಫೆಸರ್ ಡಿ.ಎಂ. ನಂಜುಂಡಪ್ಪನವರ ಹೆಸರು ಹೇಳುತ್ತೇನೆ. ಅರ್ಥಶಾಸ್ತ್ರದ ಮೇಷ್ಟ್ರು, ಕುಲಪತಿಯಾಗಿ ವಿಶ್ವವಿದ್ಯಾಲಯ ನಡೆಸಿದವರು. ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ತೂಗಿ ನೋಡಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ಅಲ್ಲಿಯವರೆಗೆ ಭಾಷಣದ ವಿಷಯವಾಗಿದ್ದ ಹಿಂದುಳಿದಿರುವಿಕೆ ಅಲ್ಲಿಂದಾಚೆಗೆ ಬಜೆಟ್ಟಿನ ವಿಷಯವಾಯಿತು, ವಿಶೇಷ ಅಭಿವೃದ್ಧಿ ಯೋಜನೆಯಾಗಿ ಬಂತು. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುತ್ತಿದ್ದ ಕಷ್ಟವನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿದು ನೋಡಿದ್ದರಿಂದ ಇದು ಸಾಧ್ಯವಾಯಿತು. ನಾವೀಗ ಇನ್ನೊಂದು ಮೆಟ್ಟಿಲು ಇಳಿದು ವಾರ್ಡಿಗೆ, ಓಣಿಗೆ ಹೋಗಬೇಕು. ಆಗಿನ್ನೂ ತಾಲ್ಲೂಕಾಗದಿದ್ದ ನ್ಯಾಮತಿ ಆ 175ರಲ್ಲಿ ಇರಲೇ ಇಲ್ಲ ಎಂಬುದನ್ನೂ ನೆನಪಿಡೋಣ.

ಸದ್ಯ ನಮ್ಮ ಕೈಯಲ್ಲಿರುವ ಪೂರ್ಣ ಜನಗಣತಿ 2011ರದ್ದು. ಮುಂದಿನದು 2027ಕ್ಕೆ. ಈ ಹದಿನಾರು ವರ್ಷಗಳಲ್ಲಿ ಹುಟ್ಟಿದ ಬಡಾವಣೆ, ಬಾಡಿಗೆಗೆ ಬಂದ ಕುಟುಂಬ, ಬತ್ತಿದ ಕೊಳವೆಬಾವಿ ಯಾವುದೂ ಆ ಹಳೆಯ ಅಂಕಿಗಳಲ್ಲಿಲ್ಲ. ನಮ್ಮ ಜಿಲ್ಲಾ ಕೇಂದ್ರ ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಸೇರಿತು. ಅದಕ್ಕೆ ಸಲಹೆಗಾರರು ಬಂದರು, ನಕ್ಷೆಗಳು ಬಂದವು. 2011ರಲ್ಲಿ 25,000 ಜನಸಂಖ್ಯೆಯನ್ನೂ ದಾಟಿರದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಇದೇ ಜಿಲ್ಲೆಯ ನಾಲ್ಕು ಊರುಗಳಿಗೆ ಯಾವ ಸಲಹಾ ಸಂಸ್ಥೆ ತಾನಾಗಿ ಬರುತ್ತದೆ? ಅವುಗಳಿಗೆ ಹತ್ತಿರವಿರುವುದು ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿ. 2009ರಲ್ಲಿ ಸ್ವತಂತ್ರವಾದ ಈ ವಿಶ್ವವಿದ್ಯಾಲಯ ಆ ಊರುಗಳ ಮಕ್ಕಳಿಂದಲೇ ತುಂಬಿದೆ.

ನಾಲ್ಕು ಊರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ನಾಲ್ಕರ ಮನೆಯ ಪ್ರಶ್ನೆ ಬೇರೆ ಬೇರೆ. ಹೊನ್ನಾಳಿಗೆ ನೀರು ಹೆಚ್ಚಾದ ಚಿಂತೆ, ಜಗಳೂರಿಗೆ ನೀರಿಲ್ಲದ ಚಿಂತೆ. ಜಗಳೂರು ಸೀಮೆಯಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡಿನ ಕಾಟ. ಈಗ ತುಂಗಭದ್ರೆಯ ನೀರನ್ನು 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಕೆರೆಗೆ ನೀರು ಬಂದ ಊರಲ್ಲಿ ಸೈಟಿನ ಬೆಲೆಯೂ ಏರುತ್ತದೆ, ಹಳ್ಳ ಮುಚ್ಚಿ ಲೇಔಟ್ ಮಾಡುವ ಆಸೆಯೂ ಏರುತ್ತದೆ. ಯಾವ ಹಳ್ಳ ಯಾವ ಕೆರೆಗೆ ಹರಿಯುತ್ತದೆ ಎಂಬ ನಕ್ಷೆ ಈಗಲೇ ಪಟ್ಟಣ ಪಂಚಾಯಿತಿಯ ಗೋಡೆಯ ಮೇಲಿದ್ದರೆ, ಅನುಮತಿ ಕೊಡುವ ಕೈ ಒಮ್ಮೆ ತಡೆದು ನೋಡೀತು.

ಚನ್ನಗಿರಿಗೆ ಬನ್ನಿ. ಅಲ್ಲಿ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿದವರ ಅಂಗಳದಲ್ಲಿ ಸುಲಿಯುವುದು, ಬೇಯಿಸುವುದು, ಒಣಹಾಕುವುದು ಎಲ್ಲ ನಡೆಯುತ್ತದೆ. ಸುಲಿಯುವ ಕೈಗಳಲ್ಲಿ ಹೆಂಗಸರ ಕೈಗಳೇ ಹೆಚ್ಚು. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಬಡ ಕುಟುಂಬಕ್ಕೆ ಲೆಕ್ಕ ಹಾಕಿದ್ದು 30 ಚದರ ಮೀಟರ್ ಒಳಾಂಗಣ. ಆ ಲೆಕ್ಕದಲ್ಲಿ ಅಡುಗೆಮನೆ ಇದೆ, ಶೌಚಾಲಯ ಇದೆ, ಅಂಗಳ ಇಲ್ಲ. ಅಂಗಳ ಕಳೆದುಕೊಂಡ ಹೆಣ್ಣುಮಗಳು ವರ್ಷಕ್ಕೆ ಎಷ್ಟು ಕೂಲಿ ಕಳೆದುಕೊಳ್ಳುತ್ತಾಳೆ? ಇದು ಒಂದು ಒಳ್ಳೆಯ ಪಿಎಚ್.ಡಿ. ಪ್ರಬಂಧಕ್ಕೆ ತಕ್ಕ ಪ್ರಶ್ನೆ, ಉತ್ತರ ಸಿಕ್ಕರೆ ವಸತಿ ಯೋಜನೆಯ ನಕಾಶೆಯನ್ನೇ ಬದಲಿಸಬಲ್ಲ ಪ್ರಶ್ನೆ.

ಚನ್ನಗಿರಿಯಲ್ಲಿ ಕಾಣುವ ಇನ್ನೊಂದು ತೊಡಕು ಎಲ್ಲ ಊರಿನದೂ ಹೌದು. ಭೂ ಪರಿವರ್ತನೆಯಾಗದ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟನ್ನು ಜೀವಮಾನದ ಉಳಿತಾಯ ಹಾಕಿ ಕೊಂಡವರಿದ್ದಾರೆ. 2025ರಲ್ಲಿ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತಾ ಎಂಬ ದಾಖಲೆ ಕೊಡುವ ಕೆಲಸ ಶುರುಮಾಡಿತು. ಕಾಗದ ಸಿಕ್ಕಿದ್ದು ಒಳ್ಳೆಯದೇ. ಆ ಕಾಗದದ ಹಿಂದೆ ಬ್ಯಾಂಕಿನ ಸಾಲ ಬಂತೇ, ಚರಂಡಿ ಬಂತೇ, ಆಂಬುಲೆನ್ಸ್ ತಿರುಗುವಷ್ಟು ಅಗಲದ ರಸ್ತೆ ಬಂತೇ ಎಂದು ಮನೆಮನೆಗೆ ಹೋಗಿ ಕೇಳುವವರು ಬೇಕು.

ನ್ಯಾಮತಿಯದು ಬೇರೆಯೇ ಭಾಗ್ಯ. 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಗ್ರಾಮ ಪಂಚಾಯಿತಿಯಾಗಿದ್ದ ಊರು ಪಟ್ಟಣವಾಗುತ್ತಿದೆ. ಉಳಿದ ಊರುಗಳು ಬೆಳೆದ ಮೇಲೆ ರಸ್ತೆ ಅಗಲ ಮಾಡಲು ಮನೆ ಒಡೆಯುವ ಸಂಕಟದಲ್ಲಿವೆ. ನ್ಯಾಮತಿ ಮನೆ ಏಳುವ ಮುಂಚೆಯೇ ಗೆರೆ ಎಳೆಯಬಹುದು. ಸುತ್ತಲಿನ ಲಂಬಾಣಿ ತಾಂಡಾಗಳನ್ನು, ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪದ ಯಾತ್ರಿಕರನ್ನು, ದುಡಿಯಲು ವಲಸೆ ಹೋಗಿ ಬರುವವರನ್ನು ಆ ಗೆರೆಯೊಳಗೆ ಸೇರಿಸಿಕೊಳ್ಳುವ ಅವಕಾಶ ಅದಕ್ಕಿದೆ. ಈ ಅವಕಾಶ ಹೆಚ್ಚು ದಿನ ಕಾಯುವುದಿಲ್ಲ.

ಮನೆ ಕಟ್ಟುವ ವಿಧಾನದ ಬಗ್ಗೆಯೂ ಒಂದು ಮಾತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ನೆಲೆಯೂರಿತು. ಅಸ್ತ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳದ ಮಣ್ಣಿಗೆ ಅಲ್ಪ ಸಿಮೆಂಟ್ ಬೆರೆಸಿ, ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವುದನ್ನು ವರ್ಷಗಟ್ಟಲೆ ಪರೀಕ್ಷಿಸಿ ಜನರ ಕೈಗೆ ಕೊಟ್ಟರು. ಜಗಳೂರಿನ ಬಿಸಿಲಿಗೆ ಹಿರಿಯರು ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ ಕಟ್ಟಿದ್ದರು. ನ್ಯಾಮತಿಯ ಮಳೆಗೆ ಇಳಿಜಾರು ಹೆಂಚಿನ ಮಾಡು ಹೊದಿಸಿದ್ದರು. ಇಂದು ಎರಡೂ ಕಡೆ ಒಂದೇ ಅಚ್ಚಿನ ತಾರಸಿ, ಇಲ್ಲವೇ ಬೇಸಿಗೆಯಲ್ಲಿ ಕಾಯುವ ಶೀಟು. 1951ರಿಂದ ದಾವಣಗೆರೆಯಲ್ಲಿರುವ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಈ ಮನೆಗಳೊಳಗೆ ಏಪ್ರಿಲ್ ಮಧ್ಯಾಹ್ನ ಉಷ್ಣಮಾಪಕ ಇಟ್ಟು ನೋಡಲಿ. ಯಾವ ಗೋಡೆ ಕೂಸನ್ನು ನಿದ್ರೆ ಮಾಡಿಸುತ್ತದೆ ಎಂಬುದಕ್ಕೆ ಲೆಕ್ಕ ಸಿಗುತ್ತದೆ.

ಮೊದಲು ಅಳತೆ ಎಂಬ ಈ ಮಾತು ಹೊಸದೇನಲ್ಲ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು ಊರೂರು ನಡೆದು ನೋಡಿದವರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬುದು ಅವರ ನಿಲುವು. ಓಣಿಯನ್ನು ಕೆಡವದೆ, ಎಲ್ಲಿ ಉಸಿರು ಕಟ್ಟಿದೆಯೋ ಅಲ್ಲಿ ಮಾತ್ರ ಬಿಡಿಸಬೇಕೆಂದು ಅವರು ವಾದಿಸಿದರು. ನೂರು ವರ್ಷದ ಬಳಿಕವೂ ಆ ಮಾತು ನಮ್ಮ ಪೇಟೆ ಬೀದಿಗಳಿಗೆ ಔಷಧಿಯಂತಿದೆ.

ಸಂಶೋಧಕರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೈಯಲ್ಲಿ ಕಾಗದ ಹಿಡಿದು ಓಣಿಗೆ ಹೋದಾಗ ಬಡವರ ಎದೆಯಲ್ಲಿ ಮೊದಲು ಏಳುವುದು ಒಕ್ಕಲೆಬ್ಬಿಸುವ ಭಯ. ಅವರು ನಂಬಿ ಹೇಳಿದ ಮಾತು ಅವರನ್ನೇ ಎಬ್ಬಿಸುವ ದಾಖಲೆಯಾಗಬಾರದು. ಹೆಸರು ಗುಟ್ಟಾಗಿರಲಿ. ಸಿಕ್ಕ ಫಲಿತಾಂಶವನ್ನು ಮೊದಲು ಅದೇ ಓಣಿಯಲ್ಲಿ, ಅವರ ಎದುರಿಗೆ, ಕನ್ನಡದಲ್ಲಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆಮೇಲೆ ಅದನ್ನು ನಾಲ್ಕು ಪುಟಕ್ಕೆ ಇಳಿಸಿ ಊರಿನ ಸ್ಥಳೀಯ ಸಂಸ್ಥೆಯ ಪ್ರತಿ ಸದಸ್ಯರ ಕೈಗೆ ಕೊಡಿ. ಸಂವಿಧಾನದ 74ನೇ ತಿದ್ದುಪಡಿ ಊರಿನ ಯೋಜನೆಯನ್ನು ಊರಿನ ಸಭೆಗೆ ಒಪ್ಪಿಸುವ ದಾರಿ ತೆರೆದು ಮೂವತ್ತು ವರ್ಷ ದಾಟಿತು. ಆ ಸಭೆಯ ಮೇಜಿನ ಮೇಲೆ ಓದಿ ಅರ್ಥವಾಗುವ ಕಾಗದ ಇಡುವುದು ನಮ್ಮ ಪಾಲಿನ ಕೆಲಸ. ಗ್ರಂಥಾಲಯದ ಕಪಾಟು ಸೇರುವ ಪ್ರಬಂಧಕ್ಕೆ ಪದವಿ ಸಿಗುತ್ತದೆ, ನಿಜ. ಆದರೆ ಅದರೊಳಗೆ ಮಾತು ಕೊಟ್ಟವರಿಗೂ ಏನಾದರೂ ಸಿಗಬೇಕು.

ಈ ಸಂಕಿರಣದ ಗೋಷ್ಠಿಗಳಿಂದ ನಾನು ಬಯಸುವುದು ಒಂದೇ ಒಂದು ನಿರ್ಣಯ. ನಾಲ್ಕೂ ಊರುಗಳಲ್ಲಿ ತಲಾ ಒಂದು ವಾರ್ಡನ್ನು ಆರಿಸಿ, ಅಲ್ಲಿನ ಪದವಿ ಕಾಲೇಜಿನ ಮಕ್ಕಳನ್ನೇ ಜೊತೆಗೆ ಕರೆದುಕೊಂಡು, ಈ ವರ್ಷವೇ ಮನೆಮನೆಯ ಅಳತೆ ಮುಗಿಸೋಣ. ಕೆಲಸ ಬಾಲರಾಜ್ ಘಾಟ್‌ನಿಂದ ಶುರುವಾಗಲಿ. ಮುಂದಿನ ಮುಂಗಾರಿಗೆ ಗಾಜನೂರಿನ ಗೇಟು ತೆರೆಯುವ ಮುಂಚೆ, ಹೊಸಿಲುಗಳ ಎತ್ತರ ಬರೆದ ನಕ್ಷೆ ಹೊನ್ನಾಳಿಯ ಕಚೇರಿಯ ಮೇಜಿನ ಮೇಲಿರಲಿ.